ಫ್ಲಾರೆನ್ಸ್ ನೈಟಿಂಗೇಲಮ್ಮನವರೂ ಹಳ್ಳಿಯ ಆರೋಗ್ಯ ಸೇವಕಿಯೂ

ಕೈಯಲ್ಲಿ ದೀಪವನ್ನು ಹಿಡಿದುಕೊಂಡು, ಗಾಯಪಟ್ಟ ಸಿಪಾಯಿಗಳ ಮಂಚಗಳ ನಡುವೆ ರಾತ್ರಿವೇಳೆಯಲ್ಲಿ ನಡೆದಾಡುವ ಒಬ್ಬ ಸ್ತ್ರೀಯ ಚಿತ್ರವನ್ನು ನಮ್ಮಲ್ಲಿ ಅನೇಕರು ಪಾಠಪುಸ್ತಕಗಳಲ್ಲಿಯೂ ವೈದ್ಯಶಾಲೆಯ ಗೋಡೆಗಳಲ್ಲಿಯೂ ಕಂಡಿದ್ದೇವೆ. ಆ ಚಿತ್ರವು ಸುಳ್ಳಲ್ಲ. ಆದರೆ ತೊಂಬತ್ತು ವರುಷ ಬಾಳಿದ ಆ ಸ್ತ್ರೀಯ ಆಯುಷ್ಯದಲ್ಲಿ ಅದು ಎರಡು ವರುಷಗಳ ಸಂಗತಿ ಮಾತ್ರ. ಉಳಿದ ಕಾಲದಲ್ಲಿ ಅವರು ಮಾಡಿದ ಕೆಲಸವನ್ನು ಬಲ್ಲವರು ಕಡಿಮೆ. ಆ ಕೆಲಸಕ್ಕೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬೀ ನಮ್ಮ ಸೀಮೆಗಳ ಹಳ್ಳಿಗಳಿಗೂ ಸಂಬಂಧ ಉಂಟೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಆದಕಾರಣ ಫ್ಲಾರೆನ್ಸ್ ನೈಟಿಂಗೇಲಮ್ಮನವರ ಚರಿತ್ರೆಯನ್ನು ಈ ತಿಂಗಳು ಸಂಕ್ಷೇಪವಾಗಿ ತಿಳಿಸುತ್ತೇವೆ.

ಕ್ರಿಸ್ತಶಕ 1820ನೆಯ ಮೇ ತಿಂಗಳ 12ನೆಯ ತಾರೀಖಿನಲ್ಲಿ, ಇಟಲಿ ದೇಶದ ಫ್ಲಾರೆನ್ಸ್ ಎಂಬ ಪಟ್ಟಣದಲ್ಲಿ ಇವರು ಜನಿಸಿದರು. ದೇಶಸಂಚಾರಕ್ಕಾಗಿ ಅಲ್ಲಿಗೆ ಹೋಗಿದ್ದ ಇಂಗ್ಲೆಂಡಿನ ತಂದೆತಾಯಿಗಳು ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅವರು ಬಹು ಐಶ್ವರ್ಯವಂತರು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು. ತಂದೆಯು ತಾನೇ ಗುರುವಾಗಿ ಮಗಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಆಕೆಗೆ ಎಲ್ಲಕ್ಕಿಂತ ಹೆಚ್ಚಾಗಿ ರುಚಿಸಿದ್ದು ಲೆಕ್ಕಶಾಸ್ತ್ರ. ಈ ಲೆಕ್ಕವೇ ಮುಂದೆ ಅವರ ಕೈಯಲ್ಲಿ ಸಾವಿರಾರು ಜೀವಗಳನ್ನು ಉಳಿಸುವ ಆಯುಧವಾಗುವದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1837ನೆಯ ಫೆಬ್ರವರಿಯಲ್ಲಿ, ಇನ್ನೂ ಹದಿನೇಳು ವರುಷ ತುಂಬದಿರುವಾಗ, ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು ಅವರ ಅಂತಃಕರಣದಲ್ಲಿ ಉಂಟಾಯಿತು. ಆದರೆ ಯಾವ ಸೇವೆಗೆ ಎಂಬುದು ಅನೇಕ ವರುಷಗಳ ತನಕ ತಿಳಿಯಲಿಲ್ಲ. ಮನೆಯ ಸುತ್ತಣ ಬಡವರ ಗುಡಿಸಲುಗಳಿಗೆ ಹೋಗಿ, ರೋಗಿಗಳ ಪಕ್ಕದಲ್ಲಿ ಕೂತು, ಗಂಜಿಯನ್ನೂ ಬಟ್ಟೆಯನ್ನೂ ಕೊಡುತ್ತಾ ಬರುವಾಗ, ಒಳ್ಳೆಯ ಮನಸ್ಸು ಒಂದೇ ಸಾಲದು, ರೋಗಿಯನ್ನು ನೋಡಿಕೊಳ್ಳುವದಕ್ಕೂ ವಿದ್ಯೆ ಬೇಕೆಂದು ಅವರು ಕಂಡುಕೊಂಡರು. 1845ರಲ್ಲಿ ಸಮೀಪದ ವೈದ್ಯಶಾಲೆಯೊಂದರಲ್ಲಿ ಈ ಕೆಲಸವನ್ನು ಕಲಿಯುವದಕ್ಕೆ ಅಪ್ಪಣೆ ಬೇಡಿದಾಗ ಮನೆಯವರು ಅದನ್ನು ಸರ್ವಥಾ ಒಪ್ಪಲಿಲ್ಲ. ಆ ಕಾಲದಲ್ಲಿ ವೈದ್ಯಶಾಲೆಯ ದಾದಿಯರೆಂದರೆ ಕುಡುಕರು, ನಡತೆಗೆಟ್ಟವರು ಎಂಬ ಹೆಸರಿತ್ತು. ದೊಡ್ಡ ಮನೆತನದ ಹೆಣ್ಣು ಇಂಥ ಕೀಳು ಕೆಲಸಕ್ಕೆ ಕೈ ಹಾಕಬಾರದೆಂದು ತಾಯಿಯೂ ಅಕ್ಕನೂ ಅತ್ತರು. ನೈಟಿಂಗೇಲಮ್ಮನವರು ಎದುರು ಮಾತಾಡಲಿಲ್ಲ. ಆದರೆ ಬಿಟ್ಟುಬಿಡಲೂ ಇಲ್ಲ. ಆರು ವರುಷ ಕಾದು, 1851ರಲ್ಲಿ ಜರ್ಮನಿ ದೇಶದ ಕೈಸರ್ಸ್‌ವರ್ತ್ ಎಂಬ ಊರಿಗೆ ಹೋದರು. ಅಲ್ಲಿ ಫ್ಲೀಡ್ನರ್ ಎಂಬ ಸಭಾಪಾಲಕನು 1836ರಲ್ಲಿ ಸ್ಥಾಪಿಸಿದ್ದ ಸೇವಕಿಯರ ಆಶ್ರಮವಿತ್ತು. ರೈತರ ಹೆಣ್ಣುಮಕ್ಕಳೊಂದಿಗೆ ಒಂದೇ ಮೇಜಿನಲ್ಲಿ ಸಾದಾ ಊಟವನ್ನು ಉಂಡು ಸುಮಾರು ಮೂರು ತಿಂಗಳು ಅಲ್ಲಿ ಕೆಲಸ ಕಲಿತರು. ಎರಡು ವರುಷಗಳ ತರುವಾಯ ಲಂಡನ್ ಪಟ್ಟಣದ ಒಂದು ಚಿಕ್ಕ ವೈದ್ಯಶಾಲೆಯ ಮೇಲ್ವಿಚಾರಣೆ ಅವರ ಕೈಗೆ ಬಂತು.

1854ರಲ್ಲಿ ಇಂಗ್ಲೆಂಡ್, ಫ್ರಾನ್ಸ್, ತುರ್ಕಿ ದೇಶಗಳಿಗೂ ರಷ್ಯಾ ದೇಶಕ್ಕೂ ಕ್ರೈಮಿಯಾ ಸೀಮೆಯಲ್ಲಿ ದೊಡ್ಡ ಯುದ್ಧವಾಯಿತು. ಗಾಯಪಟ್ಟ ಇಂಗ್ಲಿಷ್ ಸಿಪಾಯಿಗಳನ್ನು ಹಡಗುಗಳಲ್ಲಿ ತಂದು, ಈಗ ಇಸ್ತಾಂಬುಲ್ ಎಂದು ಕರೆಯಲ್ಪಡುವ ಪಟ್ಟಣದ ಎದುರು ದಡದಲ್ಲಿರುವ ಸ್ಕುಟಾರಿಯ ವೈದ್ಯಶಾಲೆಗೆ ಸೇರಿಸುತ್ತಿದ್ದರು. ಅಲ್ಲಿಯ ದುರವಸ್ಥೆಯು ಪತ್ರಿಕೆಗಳಲ್ಲಿ ಪ್ರಕಟವಾಗಲು ಇಂಗ್ಲೆಂಡಿನ ಜನರು ಕಳವಳಪಟ್ಟರು. ಆಗ ಸರಕಾರದ ಬಿನ್ನಹದ ಪ್ರಕಾರ ನೈಟಿಂಗೇಲಮ್ಮನವರು 38 ಮಂದಿ ದಾದಿಯರನ್ನು ಕರೆದುಕೊಂಡು ನವೆಂಬರ್ ತಿಂಗಳಲ್ಲಿ ಅಲ್ಲಿಗೆ ಮುಟ್ಟಿದರು. ಒಗೆದ ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಸಾಬೂನಿಲ್ಲ. ನೆಲದ ಮೇಲೆ ಸಾಲುಸಾಲಾಗಿ ಮಲಗಿದ ರೋಗಿಗಳು. ಅವರು ಅಡಿಗೆಯನ್ನು ಸರಿಪಡಿಸಿದರು, ಬಟ್ಟೆ ಒಗೆಯುವದಕ್ಕೆ ಮನೆಯನ್ನು ಗೊತ್ತುಮಾಡಿದರು, ಸಾಯುವವರ ಕೈ ಹಿಡಿದು ಕೂತರು. ದೀಪ ಹಿಡಿದ ಸ್ತ್ರೀ ಎಂಬ ಹೆಸರು ಬಂದದ್ದು ಆಗಲೇ.

ಆದರೆ, ವಾಚಕರೇ, ಪಾಠಪುಸ್ತಕಗಳು ಹೇಳದೆ ಬಿಡುವ ಸಂಗತಿ ಇಲ್ಲಿದೆ. ಅಷ್ಟೆಲ್ಲಾ ಸೇವೆ ಮಾಡಿದರೂ ಆ ಚಳಿಗಾಲದಲ್ಲಿ ಸಿಪಾಯಿಗಳು ಮೊದಲಿಗಿಂತಲೂ ಹೆಚ್ಚಾಗಿ ಸತ್ತರು. 1855ನೆಯ ಫೆಬ್ರವರಿಯಲ್ಲಿ ಅಲ್ಲಿಗೆ ಬಂದ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಮರಣಹೊಂದಿದರು. ಗಾಯದಿಂದ ಸತ್ತವರು ಕೊಂಚ. ಭೇದಿ, ವಾಂತಿಭೇದಿ, ಜ್ವರಗಳಿಂದ ಸತ್ತವರು ಬಹಳ. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯದ ಅಧಿಕಾರಿಗಳು ಕಟ್ಟಡದ ಕೆಳಗಿನ ಮೋರಿಗಳನ್ನು ತೆರೆಸಿ ನೋಡಲಾಗಿ ಅವೆಲ್ಲಾ ಹೊಲಸಿನಿಂದ ತುಂಬಿ ಕಟ್ಟಿಹೋಗಿದ್ದವು. ಕುಡಿಯುವ ನೀರು ಬರುವ ಕಾಲುವೆಯೊಳಗೆ ಸತ್ತ ಕುದುರೆಯೊಂದು ಕೊಳೆಯುತ್ತಾ ಬಿದ್ದಿತ್ತು. ಮೋರಿಗಳನ್ನು ತೊಳೆಸಿ, ನೀರನ್ನು ಶುದ್ಧಮಾಡಿ, ಕಿಟಕಿಗಳನ್ನು ತೆರೆಸಿದ ಮೇಲೆ ಜೂನ್ ತಿಂಗಳಷ್ಟರಲ್ಲಿ ಮರಣವು ನೂರಕ್ಕೆ 2ಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಹಿಂತಿರುಗಿದಾಗ ರಾಜ್ಯವೆಲ್ಲಾ ಅವರನ್ನು ಕೊಂಡಾಡಿತು. ಅವರಾದರೋ ಮೆರವಣಿಗೆಗಳಿಂದ ತಪ್ಪಿಸಿಕೊಂಡು, ಯಾರಿಗೂ ತಿಳಿಸದೆ ಮನೆಗೆ ಸೇರಿದರು. ತರುವಾಯ ವಿಲಿಯಂ ಫಾರ್ ಎಂಬ ಲೆಕ್ಕಶಾಸ್ತ್ರಜ್ಞನೊಂದಿಗೆ ಕೂತು ಸತ್ತವರ ಲೆಕ್ಕವನ್ನು ಒಂದೊಂದಾಗಿ ಪರೀಕ್ಷಿಸಿದಾಗ ಸತ್ಯವು ಹೊರಬಿತ್ತು. ಆಹಾರದ ಕೊರತೆಯಿಂದಲೂ ಬಳಲಿಕೆಯಿಂದಲೂ ಸಿಪಾಯಿಗಳು ಸತ್ತರೆಂದು ಅವರು ಅದುವರೆಗೆ ಎಣಿಸಿದ್ದರು. ನಿಜವಾಗಿಯೂ ಅವರನ್ನು ಕೊಂದದ್ದು ತಾನು ದೀಪ ಹಿಡಿದು ನಡೆದಾಡಿದ ಆ ಮನೆಯ ಕೆಳಗಿದ್ದ ಹೊಲಸು. ಇದು ಅವರ ಹೃದಯಕ್ಕೆ ಅಲಗಿನಂತೆ ತಾಗಿತು. ಬಹುಜನರು ಇಂಥ ಸಂಗತಿಯನ್ನು ಮುಚ್ಚಿಡುತ್ತಾರೆ. ಅವರು ಅದನ್ನು ಬಣ್ಣದ ಚಿತ್ರಪಟಗಳಾಗಿ ಬರೆದು ರಾಣಿಗೂ ಮಂತ್ರಿಗಳಿಗೂ ತೋರಿಸಿದರು. ರೋಗ ಬಂದ ಮೇಲೆ ಶುಶ್ರೂಷೆ ಮಾಡುವದಕ್ಕಿಂತ ರೋಗ ಬಾರದಂತೆ ತಡೆಯುವದೇ ಮುಖ್ಯವೆಂಬ ಪಾಠವನ್ನು ಹೀಗೆ ಅವರು ಬಹು ದೊಡ್ಡ ಬೆಲೆ ಕೊಟ್ಟು ಕಲಿತರು.

ಯುದ್ಧಭೂಮಿಯಲ್ಲಿ ತಗಲಿದ ರೋಗದಿಂದ ಅವರ ಶರೀರವು ಕುಗ್ಗಿಹೋಯಿತು. 1857ರಿಂದ ಮುಂದೆ ಹಲವು ವರುಷಗಳನ್ನು ಅವರು ಬಹಳವಾಗಿ ಮಂಚದ ಮೇಲೆಯೇ ಕಳೆದರು. ಆ ಮಂಚದಿಂದಲೇ, ಜನರು ಕೂಡಿಸಿ ಕೊಟ್ಟ ಹಣದಿಂದ, 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ವೈದ್ಯಶಾಲೆಯಲ್ಲಿ ದಾದಿಯರ ಪಾಠಶಾಲೆಯನ್ನು ತೆರೆಸಿದರು. ಆ ಮಂಚದಿಂದಲೇ ಅವರ ದೃಷ್ಟಿಯು ನಮ್ಮ ದೇಶದ ಕಡೆಗೆ ತಿರುಗಿತು. ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸುವದಕ್ಕೆ 1859ರಲ್ಲಿ ಒಂದು ರಾಜಮಂಡಲಿ ನೇಮಕವಾದಾಗ, ದೇಶದ ಸೈನ್ಯಠಾಣ್ಯಗಳಿಗೆಲ್ಲಾ ಪ್ರಶ್ನೆಗಳ ಪಟ್ಟಿಯನ್ನು ಬರೆದು ಕಳುಹಿಸಿದವರು ಅವರೇ. ಬೆಂಗಳೂರೂ ಬಳ್ಳಾರಿಯೂ ಆ ಕಾಲದಲ್ಲಿ ದೊಡ್ಡ ಠಾಣ್ಯಗಳು. ನೀರು ಎಲ್ಲಿಂದ ಬರುತ್ತದೆ, ಹೊಲಸು ಎಲ್ಲಿಗೆ ಹೋಗುತ್ತದೆ, ಎಷ್ಟು ಮಂದಿ ಯಾವ ರೋಗದಿಂದ ಸಾಯುತ್ತಾರೆ ಎಂಬ ಉತ್ತರಗಳು ಬಂಡಿಗಟ್ಟಲೆ ಬಂದವು. ಅವುಗಳನ್ನೆಲ್ಲಾ ಅವರು ಓದಿದರು. ಸಾವಿರ ಸಿಪಾಯಿಗಳಲ್ಲಿ ವರುಷಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿಯಲ್ಲಿ ತೋರಿಬಂತು. ಹತ್ತು ವರುಷಗಳ ನಂತರ ಅದು 18ಕ್ಕೆ ಇಳಿಯಿತೆಂದು ಅವರೇ 1873ರಲ್ಲಿ ತಿಳಿಸಿದರು. ನಮ್ಮ ದೇಶದ ನೆಲದ ಮೇಲೆ ಅವರು ಒಂದು ದಿನವಾದರೂ ಕಾಲಿಡಲಿಲ್ಲ. ಆದರೂ ಇಲ್ಲಿಯ ಕೆರೆಬಾವಿಗಳ ಚಿಂತೆಯಲ್ಲಿ ನಲವತ್ತು ವರುಷಗಳಷ್ಟು ಕಾಲ ಕಳೆದರು.

ಮೊದಲು ಸಿಪಾಯಿಗಳ ಚಿಂತೆ. ತರುವಾಯ ರೈತರ ಚಿಂತೆ. 1876ರಿಂದ 1878ರ ವರೆಗೆ ದಕ್ಷಿಣದೇಶದಲ್ಲಿ ಘೋರವಾದ ಕ್ಷಾಮ ಬಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯು ಅದರಲ್ಲಿ ಬಹಳವಾಗಿ ಬಾಧೆಪಟ್ಟಿತು. ಮುಂದಿನ ಜನಗಣತಿಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಜನರು ಕಡಿಮೆಯಾಗಿದ್ದರು. ಹೊಟ್ಟೆಗಿಲ್ಲದೆ ಸತ್ತವರ ಸಂಗಡ, ಕೆಟ್ಟ ನೀರಿನಿಂದಲೂ ವಾಂತಿಭೇದಿಯಿಂದಲೂ ಜ್ವರದಿಂದಲೂ ಸತ್ತವರು ಅಸಂಖ್ಯಾತರು. ಈ ವರ್ತಮಾನಗಳನ್ನು ಓದಿದ ನೈಟಿಂಗೇಲಮ್ಮನವರು 1878ರಲ್ಲಿ ಒಂದು ದೀರ್ಘ ಲೇಖನವನ್ನು ಬರೆದು, ನಮ್ಮ ರೈತರ ಸಾಲವನ್ನೂ ನೀರಾವರಿಯ ಕೊರತೆಯನ್ನೂ ಇಂಗ್ಲೆಂಡಿನವರ ಮುಂದೆ ಇಟ್ಟು, ಆಳುವವರ ಅಲಕ್ಷ್ಯವನ್ನು ಖಂಡಿಸಿದರು.

ಇಷ್ಟಾದರೂ ಹಳ್ಳಿಗಳ ಸ್ಥಿತಿಯು ಬದಲಾಗಲಿಲ್ಲ. ಸರಕಾರಗಳು ಕಾಯಿದೆಗಳನ್ನು ಮಾಡಿದವು. ಅಧಿಕಾರಿಗಳು ವರದಿಗಳನ್ನು ಬರೆದರು. ಪಟ್ಟಣಗಳಲ್ಲಿ ಅಲ್ಲಲ್ಲಿ ನಲ್ಲಿಗಳು ಬಂದವು. ಆದರೆ ಕಾಯಿದೆಯು ಊರಬಾಗಲಿನ ತನಕ ಬಂದರೂ ಅಡಿಗೆಮನೆಯ ಒಳಗೆ ಬರಲಾರದು. ತಿಪ್ಪೆಯನ್ನು ಬಾವಿಯಿಂದ ದೂರ ಮಾಡುವವರು, ಕೂಸನ್ನು ಬೆಚ್ಚಗಿಡುವವರು, ನೀರಿನ ಕೊಡವನ್ನು ಮುಚ್ಚಿಡುವವರು ಮನೆಯ ಹೆಂಗಸರೇ. ಅವರಿಗೆ ಯಾರು ಕಲಿಸಬೇಕು? ಎಪ್ಪತ್ತು ವರುಷ ದಾಟಿದ ಮೇಲೆ ನೈಟಿಂಗೇಲಮ್ಮನವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು.

1892ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಸೀಮೆಯ ಹಳ್ಳಿಗಳಲ್ಲಿ, ತಮ್ಮ ಅಕ್ಕನ ಗಂಡನ ಮಗನಾದ ಫ್ರೆಡರಿಕ್ ವರ್ನಿಯ ಸಹಾಯದಿಂದ, ಅವರು ಒಂದು ಹೊಸ ಏರ್ಪಾಡನ್ನು ಮಾಡಿಸಿದರು. ಕೆಲವು ಹೆಂಗಸರನ್ನು ಆರಿಸಿ, ವೈದ್ಯಾಧಿಕಾರಿಯೊಬ್ಬನಿಂದ ಅವರಿಗೆ ಪಾಠಗಳನ್ನು ಹೇಳಿಸಿ, ಆತನೇ ಅವರನ್ನು ಗುಡಿಸಲುಗಳಿಗೆ ಕರೆದುಕೊಂಡು ಹೋಗಿ ಕಣ್ಣಾರೆ ತೋರಿಸುವಂತೆಯೂ, ಪರೀಕ್ಷೆಯಾದ ಮೇಲೆ ಅವರು ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸುವಂತೆಯೂ ಗೊತ್ತುಮಾಡಿದರು. ಇವರಿಗೆ ಆರೋಗ್ಯೋಪದೇಶಿನಿಯರು ಎಂಬರ್ಥದ ಹೆಸರಾಯಿತು. ಇವರು ದಾದಿಯರಲ್ಲ, ರೋಗಿಯನ್ನು ನೋಡುವ ದಾದಿ ಬೇರೆ, ರೋಗ ಬಾರದಂತೆ ಕಲಿಸುವವಳು ಬೇರೆ ಎಂದು ನೈಟಿಂಗೇಲಮ್ಮನವರು ಒತ್ತಿ ಹೇಳುತ್ತಿದ್ದರು. ಅವಳು ತಪ್ಪು ಹಿಡಿಯುವ ಅಧಿಕಾರಿಯಂತೆ ಮನೆಯನ್ನು ಹೊಗಬಾರದು. ಮೊದಲು ತಾಯಿಯ ಸ್ನೇಹವನ್ನು ಸಂಪಾದಿಸಬೇಕು. ಸಭೆ ಕೂಡಿಸಿ ಭಾಷಣ ಮಾಡಿದರೆ ಸಾಲದು. ಮನೆಗೆ ಹೋಗಿ ತನ್ನ ಕೈಯಿಂದ ಮಾಡಿ ತೋರಿಸಬೇಕು. ಮೇಲಿನಿಂದ ಕೆಳಕ್ಕೆ ನೋಡಿ ಮಾತಾಡುವವಳ ಮಾತು ಯಾರ ಕಿವಿಗೂ ಹೋಗದು. ಇವೇ ಅವರು ಹಾಕಿಕೊಟ್ಟ ಮುಖ್ಯ ನಿಯಮಗಳು.

ಇದೇ ಏರ್ಪಾಡು ನಮ್ಮ ದೇಶಕ್ಕೂ ಬೇಕೆಂಬುದು ಅವರ ಆಶೆಯಾಗಿತ್ತು. ಹಳ್ಳಿಗಳಿಂದ ಎತ್ತುವ ತೆರಿಗೆಯ ಹಣವು ಮೊದಲು ಹಳ್ಳಿಯ ನೈರ್ಮಲ್ಯಕ್ಕೇ ಸಲ್ಲಬೇಕೆಂದು 1892ರಲ್ಲಿ ಸರಕಾರಕ್ಕೆ ಬಿನ್ನವಿಸಿಕೊಂಡರು. 1896ರಲ್ಲಿ ಹಿಂದೂಸ್ಥಾನದ ಹಳ್ಳಿಗಳಿಗೆ ಇಂಥ ಆರೋಗ್ಯೋಪದೇಶಿಗಳು ಬೇಕೆಂದು ಒಂದು ಲೇಖನವನ್ನು ಪ್ರಕಟಿಸಿದರು. ಅವರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ರೋಗ ಹಬ್ಬುವದೆಂಬ ಹೊಸ ಶಾಸ್ತ್ರವನ್ನು ಅವರು ಬಹುಕಾಲ ಒಪ್ಪದೆ, ಕೆಟ್ಟ ಗಾಳಿಯೇ ಕಾರಣವೆಂದು ಸಾಧಿಸುತ್ತಿದ್ದರು. ಆದರೆ ಶುದ್ಧವಾದ ನೀರು, ಶುದ್ಧವಾದ ಗಾಳಿ, ಶುದ್ಧವಾದ ಕೈ ಎಂಬ ಅವರ ಬೋಧನೆಯು ಹಳೆಯ ಶಾಸ್ತ್ರಕ್ಕೂ ಹೊಸ ಶಾಸ್ತ್ರಕ್ಕೂ ಒಪ್ಪಿಗೆಯಾಗಿಯೇ ನಿಂತಿತು.

ಮುಪ್ಪಿನಲ್ಲಿ ಅವರ ಕಣ್ಣು ಕಾಣದೆ ಹೋಯಿತು. 1907ರಲ್ಲಿ ಅರಸನು ಕೊಟ್ಟ ದೊಡ್ಡ ಬಿರುದು ಬಂತು. ಸ್ತ್ರೀಯರಲ್ಲಿ ಅದನ್ನು ಹೊಂದಿದವರು ಇವರೇ ಮೊದಲಿಗರು. 1910ನೆಯ ಆಗಸ್ಟ್ 13ನೆಯ ತಾರೀಖಿನಲ್ಲಿ, ತೊಂಬತ್ತು ವರುಷದವರಾಗಿ, ನಿದ್ರೆಯಲ್ಲಿಯೇ ಕಣ್ಣುಮುಚ್ಚಿದರು. ಅರಸರ ಸಮಾಧಿಗಳಿರುವ ದೊಡ್ಡ ದೇವಾಲಯದಲ್ಲಿ ಸ್ಥಳ ಕೊಡುವೆವೆಂದು ಹೇಳಿದರೂ, ಅವರ ಇಷ್ಟದ ಪ್ರಕಾರ ಬಂಧುಗಳು ತಮ್ಮ ಹಳ್ಳಿಯ ಸಣ್ಣ ದೇವಾಲಯದ ಅಂಗಳದಲ್ಲಿ ತಂದೆತಾಯಿಗಳ ಬಳಿಯಲ್ಲೇ ಹೂಣಿಟ್ಟರು. ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲ ಅಕ್ಷರಗಳೂ ಜನನ ಮರಣಗಳ ಕಾಲವೂ ಹೊರತು ಹೊಗಳಿಕೆಯ ಮಾತು ಒಂದೂ ಇಲ್ಲ.

ಅವರು ಬಯಸಿದ್ದು ನಮ್ಮ ದೇಶದಲ್ಲಿ ಕೂಡಲೆ ನೆರವೇರಲಿಲ್ಲ. 1946ರಲ್ಲಿ ಭೋರ್ ಎಂಬವರ ಮಂಡಲಿಯು ಹಳ್ಳಿಗಳಿಗೆ ಆರೋಗ್ಯ ಕೇಂದ್ರಗಳು ಬೇಕೆಂದು ಸಲಹೆ ಕೊಟ್ಟಿತು. 1977ನೆಯ ಅಕ್ಟೋಬರ್ 2ರಂದು ಸಾವಿರ ಜನರಿಗೆ ಒಬ್ಬ ಹಳ್ಳಿಯ ಆರೋಗ್ಯ ಸೇವಕನನ್ನು ನೇಮಿಸುವ ಯೋಜನೆ ಆರಂಭವಾಯಿತು. ಆದರೆ ಹೆಚ್ಚಾಗಿ ಗಂಡಸರನ್ನೇ ಆರಿಸಿದ್ದರಿಂದ ಅವರು ತಾಯಂದಿರ ಕೋಣೆಯನ್ನು ಮುಟ್ಟಲಾರದೆ ಹೋದರು, ಕಾಲಕ್ರಮದಲ್ಲಿ ಆ ಯೋಜನೆಯು ಬಲಹೀನವಾಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹುಟ್ಟಿದಾಗ, ಆಯಾ ಹಳ್ಳಿಯ ಹೆಂಗಸನ್ನೇ ಆರಿಸಿ ಕಲಿಸುವ ಏರ್ಪಾಡಾಯಿತು. ಇವಳೇ ನಾವು ಬಲ್ಲ ಆಶಾ ಕಾರ್ಯಕರ್ತೆ. ಗರ್ಭಿಣಿಯ ಹೆಸರನ್ನು ಬರೆಸುವದು, ಹೆರಿಗೆಗೆ ವೈದ್ಯಶಾಲೆಗೆ ಜೊತೆಯಾಗಿ ಹೋಗುವದು, ಕೂಸು ಹುಟ್ಟಿದ ಮೇಲೆ ನಲವತ್ತೆರಡು ದಿನಗಳೊಳಗೆ ಆರು ಸಾರಿ ಮನೆಗೆ ಬಂದು ನೋಡುವದು, ಲಸಿಕೆಯ ದಿನವನ್ನು ನೆನಪು ಮಾಡುವದು, ಭೇದಿಯಾದ ಮಗುವಿಗೆ ಉಪ್ಪುಸಕ್ಕರೆಯ ನೀರಿನ ಪೊಟ್ಟಣ ಕೊಡುವದು, ಕ್ಷಯರೋಗಿಯು ಮಾತ್ರೆಯನ್ನು ನುಂಗುವಂತೆ ನೋಡುವದು ಇವೆಲ್ಲಾ ಅವಳ ಕೆಲಸ. ಹಳ್ಳಿಯ ನೈರ್ಮಲ್ಯ ಸಮಿತಿಗೆ ವರುಷಕ್ಕೆ 10,000 ರೂಪಾಯಿಗಳ ನಿಧಿಯೂ ಆ ಯೋಜನೆಯಲ್ಲಿ ಗೊತ್ತಾಯಿತು. ನೈಟಿಂಗೇಲಮ್ಮನವರು ಮಂಚದ ಮೇಲೆ ಬರೆದಿಟ್ಟದ್ದು ನೂರಕ್ಕೂ ಮಿಕ್ಕ ವರುಷಗಳ ಮೇಲೆ ನಮ್ಮ ಓಣಿಗೆ ಬಂತೆಂದು ಹೇಳಿದರೆ ತಪ್ಪಾಗದು.

ಸ್ಕುಟಾರಿಯ ಸತ್ತ ಕುದುರೆಯ ಕಥೆಯು ದೂರದೇಶದ ಹಳೆಯ ಕಥೆಯೆಂದು ಯಾರೂ ಎಣಿಸಬಾರದು. 2021ರಲ್ಲಿ, ಹೂವಿನಹಡಗಲಿ ತಾಲೂಕಿನ ಮಕರಬ್ಬಿ ಗ್ರಾಮದಲ್ಲಿ ಕುಡಿಯುವ ನೀರು ಕೆಟ್ಟು, ಆರು ಮಂದಿ ತೀರಿಹೋದರು. ನೂರಕ್ಕೂ ಮಿಕ್ಕ ಜನರು ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ತುಂಗಭದ್ರೆಯ ಸೀಮೆಯಲ್ಲಿ, ನಲ್ಲಿಯ ಕೊಳವೆಗಳಿರುವ ಈ ಕಾಲದಲ್ಲಿ, ಇದು ನಡೆಯಿತು. ಮೊದಲು ಒಂದು ಮನೆಯಲ್ಲಿ, ನಂತರ ಎದುರು ಮನೆಯಲ್ಲಿ, ಭೇದಿ ತೋರಿದಾಗ ಅದನ್ನು ಎಲ್ಲರಿಗಿಂತ ಮುಂಚೆ ಅರಿಯಬಲ್ಲವಳು ಯಾರು? ದೂರದ ಪಟ್ಟಣದ ವೈದ್ಯನಲ್ಲ. ಬೆಳಗಾದರೆ ಅದೇ ಓಣಿಯಲ್ಲಿ ನಡೆಯುವ ಹೆಂಗಸೇ. ಆದರೆ ಜನರು ಅವಳಿಗೆ ಹೇಳಬೇಕು. ಅವಳು ಹೇಳಿದ್ದನ್ನು ಮೇಲಿನವರು ಕೇಳಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಜೀವಹಾನಿಯಾಗುವದು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಶುಚಿತ್ವದ ವಿಷಯವಾಗಿ ನಾವು ಎಷ್ಟೋ ಸಾರಿ ಸಭೆಯ ಮುಂದೆ ನಿಂತು ಉಪದೇಶ ಮಾಡಿದ್ದೇವೆ. ಕೇಳಿದವರು ತಲೆದೂಗಿ ಮನೆಗೆ ಹೋಗಿ ಮೊದಲಿನಂತೆಯೇ ಇದ್ದರು. ಅದೇ ಊರಿನಲ್ಲಿ ಓಣಿಯ ಹೆಂಗಸೊಬ್ಬಳು ಹಸೀ ಬಾಣಂತಿಯ ಪಕ್ಕದಲ್ಲಿ ಕೂತು, ತನ್ನ ಕೈಯನ್ನು ಸಾಬೂನಿನಿಂದ ತೊಳೆದು, ಕೂಸನ್ನು ಬೆಚ್ಚಗೆ ಸುತ್ತಿ ತಾಯಿಯ ಎದೆಗೆ ಇಟ್ಟದ್ದನ್ನು ಕಂಡ ಮೇಲೆ ಆ ಮನೆಯ ಮುದುಕಿಯೂ ಹಾಗೆಯೇ ಮಾಡಕಲಿತಳು. ನಮ್ಮ ಹತ್ತು ಉಪದೇಶಗಳಿಗಿಂತ ಆ ಒಂದು ಗಳಿಗೆಯ ಕೆಲಸವು ಹೆಚ್ಚಾಯಿತು. ಮತ್ತೊಂದು ಊರಿನಲ್ಲಿ ಇಂಥ ಸೇವಕಿಯು ಮಧ್ಯಾಹ್ನದ ಬಿಸಿಲಲ್ಲಿ ಪುಸ್ತಕ ಹಿಡಿದು ಹೊಸ್ತಿಲ ಹೊರಗೆ ನಿಂತು ಮಾತಾಡಿದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಒಂದು ತಂಬಿಗೆ ನೀರನ್ನೂ ಕೊಡಲಿಲ್ಲ. ಅವಳ ಜಾತಿಯನ್ನು ಮನೆಯವರು ಬಲ್ಲವರಾಗಿದ್ದರು. ಹೊಸ್ತಿಲ ಹೊರಗೆ ನಿಲ್ಲಿಸಲ್ಪಡುವದು ಎಂಥದೆಂದು ನಮ್ಮ ಹಿರಿಯರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಮನೆಗಳಲ್ಲಿಯಾದರೂ ಯಾವ ಸೇವಕಿಗೂ ಹೀಗಾಗಕೂಡದು.

ಅವಳಿಗೆ ಸಂಬಳವೆಂಬುದು ಗೊತ್ತಾಗಿಲ್ಲ. ಗೌರವಧನವೂ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನವೂ ಉಂಟು. 2020ರ ಮಹಾರೋಗದಲ್ಲಿ ಎಲ್ಲರೂ ಕದ ಹಾಕಿಕೊಂಡು ಕೂತಾಗ ಮನೆಮನೆಗೆ ಹೋದವರು ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶದ ಆಶಾ ಕಾರ್ಯಕರ್ತೆಯರಿಗೆ ಗೌರವದ ಪ್ರಶಸ್ತಿಯನ್ನು ಕೊಟ್ಟಿತು. 2025ರ ಜನವರಿಯಲ್ಲಿ ಅವರೇ ಹೆಚ್ಚಿನ ಗೌರವಧನವನ್ನು ಕೇಳುತ್ತಾ ಬೆಂಗಳೂರಿನಲ್ಲಿ ಚಳಿಯಲ್ಲಿ ಧರಣಿ ಕೂಡಬೇಕಾಯಿತು. ಹೊಗಳಿಕೆಯಿಂದ ಒಲೆ ಉರಿಯದು. ದೀಪ ಹಿಡಿದ ಸ್ತ್ರೀಯನ್ನು ಚಿತ್ರದಲ್ಲಿ ಮೆಚ್ಚಿ, ಬಾಗಲಿಗೆ ಬಂದ ಸ್ತ್ರೀಯನ್ನು ಮರೆಯುವದು ನ್ಯಾಯವಲ್ಲ.

ಆದಕಾರಣ, ಪ್ರಿಯ ವಾಚಕರೇ, ಈ ತಿಂಗಳು ನಿಮ್ಮ ಓಣಿಯ ಆರೋಗ್ಯ ಸೇವಕಿಯು ಬಂದಾಗ ಚಾಪೆ ಹಾಸಿ ಒಳಗೆ ಕೂಡಿಸಿರಿ. ಅವಳು ಕೇಳಿದ್ದನ್ನು ಮುಚ್ಚಿಡದೆ ಹೇಳಿರಿ. ಭೇದಿಯಾಗಲಿ ಜ್ವರವಾಗಲಿ ಎರಡು ಮನೆಗಳಲ್ಲಿ ತೋರಿದರೆ ಅದೇ ದಿನ ಅವಳಿಗೆ ತಿಳಿಸಿರಿ. ಊರಿನ ನೀರಿನ ವಿಷಯವಾಗಿ ಅವಳು ಪಂಚಾಯತಿಯ ಮುಂದೆ ಮಾತಾಡುವಾಗ ಅವಳ ಹಿಂದೆ ನೀವೂ ಹೋಗಿ ನಿಲ್ಲಿರಿ. ನಿಮ್ಮ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವಳು ಈ ಕೆಲಸವನ್ನು ಬಯಸಿದರೆ, ಇದು ಕೀಳು ಕೆಲಸವೆಂದು ತಡೆಯಬೇಡಿರಿ. ಐಶ್ವರ್ಯವಂತರ ಮನೆಯಲ್ಲಿ ಹುಟ್ಟಿದ ಒಬ್ಬಳು ಇದೇ ಕೆಲಸಕ್ಕೆ ಅಪ್ಪಣೆ ಪಡೆಯಲು ಆರು ವರುಷ ಕಾದಳೆಂಬುದನ್ನು ನೆನಪಿಗೆ ತಂದುಕೊಳ್ಳಿರಿ.